ಶುದ್ಧ ತೊಟ್ಟಿಯಲ್ಲಿ ನವಿಲುಹಸಿರು

ಜನವರಿ ೧೨

ಪಿಸುಮಾತಿನ ಮಹಾರಾಣಿಯವರ ಸನ್ನಿಧಾನಕ್ಕೆ,

ಪರದೆ ಮೇಲೇಳಲಿ! ದೀಪ ಹತ್ತಲಿ! ನಿನ್ನ ಅಪ್ಪ ಕೆಮ್ಮುತ್ತಲೇ ರಂಗಪ್ರವೇಶ ಮಾಡುತ್ತಿದ್ದಾನೆ.

ನಿನ್ನ ಕಾಗದವನ್ನು ಮೊದಲು ನಾನೊಬ್ಬನೇ ಓದಿದೆ. ಆಮೇಲೆ ನಮ್ಮ ವೇಷದಂಗಡಿಯಲ್ಲಿ ತೂಗುಹಾಕಿರುವ ರಾಜರಿಗೂ ರಾಕ್ಷಸರಿಗೂ ಓದಿ ಹೇಳಿದೆ. ಸಾಲದೆ ಪಕ್ಕದಂಗಡಿಯಲ್ಲಿ ಬೀಗ ರಿಪೇರಿ ಮಾಡುವ ಬೀಗದವನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿ ಅವನಿಗೂ ಕೇಳಿಸಿದೆ. ಅಲ್ಲ ಕಣೇ ಪಿಸು, ಇಂಥ ಕಥೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಎರಡು ವರ್ಷದಿಂದ ‘ನೀರು ಪರೀಕ್ಷೆ ಮಾಡ್ತೀನಿ ಅಪ್ಪಾ’ ಅಂತ ಒಂದೇ ಸಾಲಿನಲ್ಲಿ ನನ್ನನ್ನು ಸಾಗಹಾಕಿದ್ದೆಯಲ್ಲ! ನಾಟಕ ಕಂಪನಿ ಮುಚ್ಚಿದ ಮೇಲೆ ಇಷ್ಟು ಒಳ್ಳೆಯ ಕಥಾವಸ್ತು ನನ್ನ ಕಿವಿಗೆ ಬಿದ್ದದ್ದೇ ಇಲ್ಲ.

ಸಮುದ್ರದ ಬಂಡೆಗೆ ಅಂಟಿಕೊಂಡ ಒಂದು ಬಡ ಕಪ್ಪೆಚಿಪ್ಪು. ತಲೆಯಿಲ್ಲ, ಕಾಲಿಲ್ಲ, ಓಡಿಹೋಗುವ ದಾರಿಯಿಲ್ಲ. ಆದರೆ ಅದರ ಬಣ್ಣವಿಲ್ಲದ ರಕ್ತದಲ್ಲಿ, ಆಹಾ, ಕಾವಲು ಕೋಶಗಳ ಸೈನ್ಯ! ಕತ್ತಿಯಿಲ್ಲ, ಗುರಾಣಿಯಿಲ್ಲ; ಬಾಯೇ ಆಯುಧ. ರೋಗಾಣು ಬಂತೋ, ನುಂಗು, ಜೀರ್ಣಿಸು, ಮುಗಿಯಿತು. ಅಂಥ ಸೈನ್ಯದ ನಡುವೆ ನಾವು ಎಸೆದ ಚೀಲ, ಬಾಟಲಿ, ಬಲೆಯ ಚೂರು ತೇಯ್ದು ತೇಯ್ದು, ಧೂಳಿಗಿಂತ ಸಣ್ಣದಾಗಿ, ನ್ಯಾನೊಪ್ಲಾಸ್ಟಿಕ್ ಎಂಬ ಹೆಸರಿಟ್ಟುಕೊಂಡು ಇಳಿಯುತ್ತದೆ. ಕೋಶಗಳು ಶತ್ರುವೆಂದು ಅದನ್ನೂ ನುಂಗುತ್ತವೆ. ಅರಗಿಸಿಕೊಳ್ಳಲಾರವು, ಉಗುಳಲಾರವು. ನಿಜವಾದ ರೋಗ ಬಂದ ದಿನ ಹೊಟ್ಟೆ ತುಂಬಿಸಿಕೊಂಡು ಮೂಲೆಯಲ್ಲಿ ಕೂತಿರುತ್ತವೆ!

ಬೀಗದವನು ಅಂದ, “ನಮ್ಮ ಬಾಮೈದನ ಹಾಗೆ ಅನ್ನಿ.”

ಮೈ ಜುಮ್ಮೆಂದದ್ದು ಮಾತ್ರ ನಿನ್ನ ಎರಡು ತೊಟ್ಟಿಗಳ ವಿಚಾರಕ್ಕೆ. ಒಂದರಲ್ಲಿ ಅಳೆದು ಹಾಕಿದ ಪ್ಲಾಸ್ಟಿಕ್. ಇನ್ನೊಂದು ಶುದ್ಧ: ಗಾಜಿನ ಕೊಳವೆ, ಸೋಸಿದ ನೀರು, ಹತ್ತಿ ಬಟ್ಟೆ ತೊಟ್ಟವರಿಗಷ್ಟೇ ಪ್ರವೇಶ, ನೈಲಾನಿನ ಒಂದು ಎಳೆಗೂ ಬಹಿಷ್ಕಾರ. ‘ಆ ತೊಟ್ಟಿ ಕೆಟ್ಟರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ, ಎಲ್ಲ ಮೊದಲಿಂದ’ ಅಂತ ಬರೆದಿದ್ದೀಯ. ಮಡಿ ಅಂದರೆ ಇದು!

ನಿಮ್ಮ ಪ್ರಯೋಗಾಲಯವನ್ನು ಫೆಬ್ರವರಿಯಲ್ಲಿ ಶಾಲೆ ಮಕ್ಕಳಿಗೆ ತೋರಿಸುತ್ತಾರಂತಲ್ಲ. ಆ ಮಕ್ಕಳಿಗೆ ಏನು, ಗೋಡೆಗೆ ಅಂಟಿಸಿದ ಚಾರ್ಟ್ ತೋರಿಸುತ್ತೀರಾ? ಛೇ! ನಾನು ಬರುತ್ತೇನೆ. ಪ್ಲಾಸ್ಟಿಕಾಸುರನಾಗಿ ಬರುತ್ತೇನೆ. ನಾಟಕ ಅರ್ಧ ಬರೆದಾಯಿತು.

ಇಂತಿ ನಿನ್ನ ಅಪ್ಪ,
ಮಾಜಿ ಚಕ್ರವರ್ತಿ, ಹಾಲಿ ಅಸುರ


ಜನವರಿ ೨೦

ಅಪ್ಪಾ,

ಕಾಗದ ತಲುಪಿತು. ಬೀಗದ ಮಾಮನಿಗೆ ನಮಸ್ಕಾರ ತಿಳಿಸು.

ನಾಟಕ ಬೇಡ ಅಂತ ನನಗೆ ಅನ್ನಿಸುತ್ತೆ. ಇಲ್ಲಿ ಜಾಗ ಚಿಕ್ಕದು. ಇಲ್ಲಿನವರು ಮೆತ್ತಗೆ ಮಾತಾಡುವ ಜನ. ಕಾರಿಡಾರಿನಲ್ಲಿ ನಕ್ಕರೂ ತಿರುಗಿ ನೋಡುತ್ತಾರೆ. ನಮ್ಮ ದೊಡ್ಡ ಮೇಡಂ, ಅಂದರೆ ವಿಭಾಗದ ಮುಖ್ಯಸ್ಥೆ, ತುಂಬ ಶಿಸ್ತಿನವರು. ನನ್ನ ಕೆಲಸ ಕಾಯಂ ಆಗುವುದೋ ಇಲ್ಲವೋ ಈ ವರ್ಷದ ಮಧ್ಯದಲ್ಲಿ ಅವರೇ ತೀರ್ಮಾನಿಸುತ್ತಾರೆ. ನಿನಗೆ ಪ್ರಯಾಣವೂ ದೂರ, ಕೆಮ್ಮು ಬೇರೆ.

ಬರಲೇಬೇಕು ಅಂತಿದ್ದರೆ ಸುಮ್ಮನೆ ಬಾ, ಮಾಮೂಲಿ ಬಟ್ಟೆಯಲ್ಲಿ. ತೊಟ್ಟಿಗಳ ಕೋಣೆಗೆ ಮಾತ್ರ ಹೋಗುವ ಹಾಗಿಲ್ಲ. ಅಲ್ಲಿ ತೊಟ್ಟಿಯಕ್ಕ ಕಾವಲು. ತೊಟ್ಟಿಗಳನ್ನು ನೋಡಿಕೊಳ್ಳುವವಳಿಗೆ ನಾವೆಲ್ಲ ಇಟ್ಟ ಹೆಸರು ಅದು. ‘ಅಂಗಿ ಯಾವುದು, ಹತ್ತಿನಾ? ತೋರಿಸಿ’ ಅಂತ ದೊಡ್ಡ ಮೇಡಂ ಕಾಲರನ್ನೇ ಹಿಡಿದು ನೋಡಿದವಳು.

‘ಕಾವಲು ಕೋಶಗಳು ಪ್ಲಾಸ್ಟಿಕ್ಕಿನ ಗುರುತು ಹಿಡಿದು ದೂರ ಇಡಬಾರದೇ’ ಅಂತ ಕೇಳುತ್ತೀಯ, ಗೊತ್ತು. ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ಕಣ ರಕ್ತಕ್ಕಿಳಿದ ಕೂಡಲೇ ಆ ರಕ್ತದಲ್ಲಿರುವ ಪ್ರೋಟೀನುಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ಆಮೇಲೆ ಮೇಲುಗಡೆ ಕಾಣಿಸುವುದು ಪ್ಲಾಸ್ಟಿಕ್ ಅಲ್ಲ, ಮನೆಯವರದೇ ಬಟ್ಟೆ. ಇದನ್ನು ಬರೆಯಬಾರದಿತ್ತು. ನಿನ್ನ ನಾಟಕಕ್ಕೆ ನಾನೇ ಇನ್ನೊಂದು ಅಂಕ ಕೊಟ್ಟ ಹಾಗಾಯಿತು.

ದಯವಿಟ್ಟು ಯೋಚಿಸು.

ಪಿಸು


ಫೆಬ್ರವರಿ ೨೬

ಪಿಸು,

ಕ್ಷೇಮವಾಗಿ ಬಂದು ತಲುಪಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು.

ಮಕ್ಕಳು! ಅವುಗಳ ಕೇಕೆ ಇನ್ನೂ ಕಿವಿಯಲ್ಲಿದೆ. ಬೇಡ ಅಂದವಳನ್ನು ಹಟ ಮಾಡಿ ಒಪ್ಪಿಸಿದ್ದು ಸಾರ್ಥಕವಾಯಿತು. ಅಸುರ ಕಪ್ಪೆಚಿಪ್ಪಿನ ಮನೆಯವರ ಶಾಲು ಹೊದ್ದು, “ನಾನು ನಿಮ್ಮವನೇ, ನಿಮ್ಮ ಚಿಕ್ಕಪ್ಪ” ಅಂತ ಒಳನುಗ್ಗಿದಾಗ ಮುಂದಿನ ಸಾಲಿನ ಒಂದು ಚಿಳ್ಳೆ ಎದ್ದು ನಿಂತು, “ನುಂಗಬೇಡ್ರೋ, ಅದು ಸುಳ್ಳು ಚಿಕ್ಕಪ್ಪ!” ಅಂತ ಕೂಗಿತಲ್ಲ, ಐವತ್ತು ವರ್ಷದ ರಂಗಭೂಮಿಯಲ್ಲಿ ಅಂಥ ಬಹುಮಾನ ನನಗೆ ಸಿಕ್ಕಿರಲಿಲ್ಲ.

ಆಟ ಮುಗಿದ ಮೇಲೆ ನಿಮ್ಮ ದೊಡ್ಡ ಮೇಡಂ, “ಯಾರಿವರು? ಚೆನ್ನಾಗಿ ಮಾಡಿದ್ರು” ಅಂತ ಕೇಳಿದರು. ನೀನು, “ವೇಷ ಬಾಡಿಗೆಗೆ ಕೊಡೋರು ಮೇಡಂ” ಅಂದೆ. ಸರಿಯಾದ ಮಾತು. ಚಿಕ್ಕ ಮಾತು. ಉದ್ದುದ್ದ ಸಂಭಾಷಣೆ ಹೇಳಿ ಹಾಳಾದವನು ನಾನು. ಎಲ್ಲಿ ನಿಲ್ಲಿಸಬೇಕು ಎಂಬುದು ನಿನಗೆ ಗೊತ್ತು. ನಾನು ಪರದೆಯ ಹಿಂದೆ ಮೀಸೆ ಕೀಳುತ್ತಿದ್ದೆ. ಅಂಟು ಬಲವಾಗಿತ್ತು, ಹೊರಬರಲು ತಡವಾಯಿತು. ಬಂದವನೇ ಬಗ್ಗಿ, “ಹೌದು ತಾಯಿ, ಬಾಡಿಗೆ ವೇಷದವನು” ಅಂದೆ. ನನ್ನ ಬಾಗುವಿಕೆ ಹೇಗಿತ್ತು? ಹಳೆಯ ಕಾಲದ್ದು, ಸೊಂಟದಿಂದ.

ನೀವೆಲ್ಲ ಊಟಕ್ಕೆ ಹೋದಿರಿ. ‘ಗೇಟಿನ ಹತ್ತಿರ ಕಾಯಿರಿ’ ಅಂತ ನೀನು ನನಗೆ ಹೇಳಿದ್ದೆ. ಕಾಯುತ್ತಿದ್ದವನು ವೇಷದಲ್ಲೇ ಸ್ವಲ್ಪ ಒಳಗೆ ಅಡ್ಡಾಡಿದೆ. ಆ ತೊಟ್ಟಿಗಳ ಕೋಣೆ, ಬಾಗಿಲಿಗೆ ಬಕೆಟ್ಟು ಅಡ್ಡ ಇಟ್ಟು ತೆರೆದೇ ಇತ್ತು, ಯಾರೂ ಇರಲಿಲ್ಲ. ನೀನು ಬೇಡ ಅಂದಿದ್ದೆ, ನೆನಪಿತ್ತು. ಆದರೆ ಮಗಳ ಮನೆಬಾಗಿಲಿಗೆ ಬಂದು ಮನೆಯವರನ್ನು ಮಾತಾಡಿಸದೆ ಹೋಗುವುದು ಹೇಗೆ? ‘ಶುದ್ಧ’ ಅಂತ ಚೀಟಿ ಅಂಟಿಸಿದ ತೊಟ್ಟಿಯ ಮೇಲೆ ಬಗ್ಗಿ, ಕಿರೀಟ ತೆಗೆದು, “ನಾನು ಇವಳ ಅಪ್ಪ” ಅಂತ ಪರಿಚಯ ಹೇಳಿಕೊಂಡೆ.

ಒಳಗಿದ್ದ ಚಿಪ್ಪುಗಳೆಲ್ಲ ಪಟಪಟನೆ ಬಾಯಿ ಮುಚ್ಚಿಕೊಂಡವು. ಒಳ್ಳೆಯ ಶಿಸ್ತು.

ಬಸ್ಸು ಬಂದುಬಿಡುತ್ತದೆಂದು ಹೇಳದೆಯೇ ಹೊರಟೆ. ಬೇಸರ ಮಾಡಿಕೊಳ್ಳಬೇಡ.

ಇಂತಿ,
ವೇಷದಂಗಡಿ


ಮಾರ್ಚ್ ೨೨

ಪಿಸು,

ಉತ್ತರವಿಲ್ಲ. ಕೆಲಸ ಇರಬೇಕು.

ಇಲ್ಲಿ ಪರೀಕ್ಷೆಯ ಕಾಲ, ಶಾಲೆಗಳಿಂದ ಯಾರೂ ವೇಷ ಕೇಳಲು ಬರುತ್ತಿಲ್ಲ. ರಾಜರೆಲ್ಲ ಮೊಳೆಗೆ ತೂಗಿಕೊಂಡು ನನ್ನನ್ನೇ ನೋಡುತ್ತಾರೆ. ಬೀಗದವನು ನಾಟಕ ಹೇಗಾಯಿತೆಂದು ದಿನಾ ಕೇಳುತ್ತಿದ್ದ, ಒಂದು ದಿನ ಹೇಳಿದೆ. ಚಪ್ಪಾಳೆಯವರೆಗೆ ಹೇಳಿದೆ. ಅಲ್ಲಿಗೆ ಪರದೆ.

ನಿನ್ನ ಕಪ್ಪೆಚಿಪ್ಪುಗಳು ಹೇಗಿವೆ?

ಅಪ್ಪ


ಏಪ್ರಿಲ್ ೯

ಅಪ್ಪಾ,

ತಡವಾಯಿತು. ಇಲ್ಲಿ ಒಂದು ತೊಂದರೆಯಾಗಿದೆ, ಅದರಲ್ಲೇ ಮುಳುಗಿದ್ದೆ.

ಪ್ರತಿ ಬಾರಿ ಒಂದೊಂದು ಚಿಪ್ಪಿನಿಂದ ಸೂಜಿಯಲ್ಲಿ ಒಂದು ಹನಿ ರಕ್ತ ತೆಗೆಯುತ್ತೇವೆ. ಅದರ ಕೋಶಗಳ ಮುಂದೆ ಕೆಂಪು ಬಣ್ಣ ಹಚ್ಚಿದ ಯೀಸ್ಟ್ ಇಟ್ಟು, ಎಷ್ಟು ಕೋಶ ನುಂಗುತ್ತವೆ ನೋಡುತ್ತೇವೆ. ಪ್ಲಾಸ್ಟಿಕ್ ಹಾಕಿದ ತೊಟ್ಟಿಯವು ನುಂಗುವುದಿಲ್ಲ, ಅದು ನಿರೀಕ್ಷಿತ. ಈಗ ಶುದ್ಧ ತೊಟ್ಟಿಯವೂ ನುಂಗುತ್ತಿಲ್ಲ. ಕೆಂಪು ಚುಕ್ಕೆ ಪಕ್ಕದಲ್ಲೇ ಇದ್ದರೂ ಸುಮ್ಮನೆ ಬಿದ್ದಿರುತ್ತವೆ. ಕೆಲವು ಒಡೆದೇ ಹೋಗುತ್ತಿವೆ. ಆ ತೊಟ್ಟಿಗೆ ಎಲ್ಲಿಂದಲೋ ಪ್ಲಾಸ್ಟಿಕ್ ಬಿದ್ದಿದೆ.

ದೊಡ್ಡ ಮೇಡಂ ಎಲ್ಲರನ್ನೂ ಕೂರಿಸಿ ವಿಚಾರಣೆ ಮಾಡಿದರು. ತೊಟ್ಟಿಯಕ್ಕ ಚಳಿಯ ದಿನಗಳಲ್ಲಿ ಕೋಟಿನ ಒಳಗೆ ಒಂದು ಸ್ವೆಟರ್ ಹಾಕುತ್ತಿದ್ದಳಂತೆ. ಬಾಗಿಲಿಗೆ ಬಕೆಟ್ ಇಡುತ್ತಿದ್ದದ್ದೂ ಅವಳೇ. “ನಮ್ಮೆಲ್ಲರ ಕಾಲರ್ ಹಿಡಿದವಳು ನೀನು, ನಿನ್ನ ಕಾಲರ್ ಯಾರು ನೋಡಬೇಕಿತ್ತು?” ಅಂದರು ಮೇಡಂ. ಮಾರನೇ ದಿನದಿಂದ ಅವಳು ಬರುತ್ತಿಲ್ಲ. ಬರಬೇಡ ಅಂದಿದ್ದಾರೆ.

ಒಂದು ವಿಷಯ ಸುಮ್ಮನೆ ಕೇಳುತ್ತೇನೆ. ಅಸುರನ ನಿಲುವಂಗಿಯ ಮೇಲೆ ಹೊಳೆಯುತ್ತಿತ್ತಲ್ಲ, ಅದು ಏನು? ಜರಿಯೋ, ಬೇರೆ ಏನಾದರೂ ಪುಡಿಯೋ? ಆಗುವುದಾದರೆ ಸ್ವಲ್ಪ ಕತ್ತರಿಸಿ ಕಳಿಸು. ಸುಮ್ಮನೆ, ಕುತೂಹಲಕ್ಕೆ.

ಪಿಸು


ಏಪ್ರಿಲ್ ೧೪

ಮಗಳೇ,

ಇದರೊಳಗೆ ಅಂಗಿಯ ಅಂಚಿನ ತುಂಡಿದೆ. ಕುತೂಹಲಕ್ಕೆ ಅಂತ ಬರೆದಿದ್ದೀಯ. ನಟನಿಗೆ ನಟನೆ ತೋರಿಸಬೇಡ ಕಂದಾ.

ಹೇಳುತ್ತೇನೆ ಕೇಳು. ಆ ಅಂಗಿಯ ಜರಿ ನಿನ್ನ ಅಮ್ಮ ಕೂತು ಹೊಲಿದದ್ದು. ನೀನು ಆಗ ಅವಳ ತೊಡೆಯ ಮೇಲೆ ಮಲಗಿ ಸೂಜಿಯನ್ನೇ ನೋಡುತ್ತಿದ್ದೆ. ನಿಜವಾದ ಲೋಹದ ತಂತಿ, ಆದರೆ ಕಪ್ಪಾಗಿತ್ತು. ದೀಪದ ಕೆಳಗೆ ಹಿಡಿದು ನೋಡಿದೆ, ಹೊಳೆಯಲೇ ಇಲ್ಲ. ಮಗಳ ಕಚೇರಿಯ ವಿದ್ವಾಂಸರ ಮುಂದೆ ಮಂಕಾಗಿ ನಿಲ್ಲುವುದು ಹೇಗೆ? ಪೇಟೆಗೆ ಹೋಗಿ ಮಿನುಗುಪುಡಿಯ ಡಬ್ಬಿ ತಂದೆ, ನವಿಲುಹಸಿರು. ಅಂಟು ಬಳಿದು ಮೈತುಂಬ ಉದುರಿಸಿದೆ. ಕಿರೀಟಕ್ಕೂ, ಗಡ್ಡಕ್ಕೂ. ಪ್ಲಾಸ್ಟಿಕಾಸುರನ ವೇಷಕ್ಕೆ ಪ್ಲಾಸ್ಟಿಕ್ಕನ್ನೇ ಬಳಿದುಕೊಂಡು ನಿನ್ನ ಶುದ್ಧ ತೊಟ್ಟಿಯ ಮೇಲೆ ಬಗ್ಗಿ ನಿಂತಿದ್ದೆ. ಡಬ್ಬಿಯ ಹಿಂದೆ ಏನು ಬರೆದಿದೆಯೆಂದು ಬೀಗದವನ ಕನ್ನಡಕ ತೊಟ್ಟು ನಿನ್ನೆ ಓದಿದೆ. ನಾಟಕ ಬರೆದವನು ನಾನೇ, ಡಬ್ಬಿ ಓದದವನೂ ನಾನೇ.

ಕಿರೀಟ ತೆಗೆದೆ ಅಂದೆನಲ್ಲ, ತೆಗೆದು ಒಮ್ಮೆ ಕೊಡವಿದ್ದೆ. ಬೆವರಿಗೆ ತಲೆ ತುರಿಸುತ್ತಿತ್ತು.

ನಾನೇ ತಾನೆ? ಹೇಳಿಬಿಡು. ನಾನು ನಿಮ್ಮ ಮೇಡಂಗೆ ಬರೆಯುತ್ತೇನೆ. ಆ ಹೆಂಗಸು ಯಾಕೆ ಮನೆಯಲ್ಲಿ ಕೂರಬೇಕು?

ಅಪ್ಪ


ಏಪ್ರಿಲ್ ೨೩

ಅಪ್ಪಾ,

ನೀನೇ.

ಚಿಪ್ಪುಗಳ ಕಿವಿರಿನ ಮಡಿಕೆಯಲ್ಲಿ ಸಿಕ್ಕಿತು. ಆರು ಮೂಲೆಯ ಸಣ್ಣ ಚಕ್ಕೆ, ನವಿಲುಹಸಿರು. ಯಂತ್ರದಲ್ಲಿ ಕತ್ತರಿಸಿದ್ದರಿಂದ ಒಂದೊಂದೂ ಒಂದೇ ಅಚ್ಚಿನದು. ಸ್ವೆಟರಿನಿಂದ ಆರು ಮೂಲೆ ಉದುರುವುದಿಲ್ಲ. ಅದೇ ಬಣ್ಣದ ಇನ್ನೂ ಸಣ್ಣ ಚೂರುಗಳು, ಚಕ್ಕೆಗಳ ಅಂಚು ತೇಯ್ದು ಬಂದವು, ಕೋಶಗಳ ಒಳಗೇ ಕೂತಿವೆ. ನಾನೊಬ್ಬಳೇ ನೋಡಿದ್ದೇನೆ. ಬೇರೆ ಯಾರಿಗೂ ತೋರಿಸಿಲ್ಲ.

ಮೇಡಂಗೆ ಬರೆಯಬೇಡ. ನನ್ನ ಕಾಯಮಾತಿಯ ಸಭೆ ಜೂನ್‌ನಲ್ಲಿದೆ. ಅಲ್ಲಿಯವರೆಗೆ ಸುಮ್ಮನಿರು, ಆಮೇಲೆ ನಾನೇ ಏನಾದರೂ ಮಾಡುತ್ತೇನೆ. ವೇಷದವರು ಒಳಗೆ ಹೋಗಿದ್ದರು ಅಂದರೆ, ಕರೆಸಿದ್ದು ಯಾರು, ಅವರ ವಿಳಾಸ ಏನು, ನಿಮಗೆ ಹೇಗೆ ಪರಿಚಯ ಅಂತ ಕೇಳುತ್ತಾರೆ. ನೀನು ಒಳಗೆ ಹೋಗಿದ್ದೆ ಅಂತ ನಿನ್ನ ಫೆಬ್ರವರಿಯ ಕಾಗದದಲ್ಲೇ ಓದಿದ್ದೆ. ಒಂದು ಸಲ ಬಗ್ಗಿದರೆ ಏನಾಗುತ್ತೆ ಅಂದುಕೊಂಡು ಸುಮ್ಮನಾದೆ. ಅವತ್ತೇ ಹೇಳಿದ್ದರೆ ನೀರು ಬದಲಾಯಿಸಿ ಉಳಿಸಬಹುದಿತ್ತು. ಈಗ ಯಾವ ಬಾಯಲ್ಲಿ ಹೇಳಲಿ?

ನಾನು ಮೇಡಂಗೆ ಸುಳ್ಳು ಹೇಳಿರಲಿಲ್ಲ ಅಪ್ಪಾ. ನೀನು ವೇಷ ಬಾಡಿಗೆಗೆ ಕೊಡುವುದು ನಿಜ ತಾನೆ.

ಪಿಸು


ಮೇ ೩

ತಂಗೀ,

ನಾನು ತೊಟ್ಟಿಯಕ್ಕ. ಬರೆಯೋದು ಅಭ್ಯಾಸ ಇಲ್ಲ, ತಪ್ಪಿದ್ರೆ ನಗಬೇಡ.

ಹೋಗುವಾಗ ಸರಿಯಾಗಿ ಮಾತಾಡೋಕೆ ಆಗಲಿಲ್ಲ. ನೀನು ಬಾಗಿಲ ಹತ್ತಿರ ನಿಂತು ಅತ್ತೆಯಲ್ಲ, ಬೇರೆ ಯಾರೂ ಅಳಲಿಲ್ಲ. ನನ್ನ ಕೆಲಸ ಹೋಗಿದ್ದಕ್ಕಿಂತ ಅದೇ ನನಗೆ ಸಂಕಟ. ಈ ಹುಡುಗಿ ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸ ನನ್ನ ದರಿದ್ರ ಸ್ವೆಟರಿಂದ ನೀರುಪಾಲಾಯ್ತಲ್ಲ ಅಂತ.

ನಾನು ಮೊದಲು ಒಪ್ಪಿಕೊಂಡಿರಲಿಲ್ಲ. ಅಂಗಡಿಯವನು ಉಣ್ಣೆ ಅಂತ ಆಣೆ ಮಾಡಿದ್ದ. ನೋಡೇಬಿಡೋಣ ಅಂತ ಹಿತ್ತಲಲ್ಲಿ ಬೆಂಕಿ ಹಚ್ಚಿದೆ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬರಬೇಕು. ಬರಲಿಲ್ಲ ಕಣಮ್ಮ. ಕರಗಿ ಕರಗಿ ಕಪ್ಪು ಉಂಡೆ ಆಯ್ತು. ಅವನ ಬಾಯಿಗೆ ಹುಳ ಬೀಳ! ಅಲ್ಲಿಗೆ ಗೊತ್ತಾಯ್ತು, ತಪ್ಪು ನಂದೇ. ಎಲ್ಲರ ಕಾಲರ್ ಹಿಡಿದು ಕುಣಿದವಳು ನಾನು, ನನ್ನ ಮೈಮೇಲೇ ಇಟ್ಟುಕೊಂಡಿದ್ದೆ.

ಈಗ ಒಂದು ಲಾಡ್ಜಿನಲ್ಲಿ ಹಾಸಿಗೆ ಬಟ್ಟೆ ಒಗೆಯೋ ಕೆಲಸ ಸಿಕ್ಕಿದೆ. ಪರವಾಗಿಲ್ಲ. ಚಿಪ್ಪುಗಳು ಹೇಗಿವೆ? ಆ ಮೂಲೆಯ ದೊಡ್ಡದು, ಸೋಮಾರಿ, ಅದು ಬದುಕಿದೆಯಾ? ನೀರು ತಣ್ಣಗಿದ್ದರೆ ಮಾತ್ರ ಅದು ಬಾಯಿ ಬಿಡೋದು, ಹೊಸಬರಿಗೆ ಹೇಳು.

ನನ್ನನ್ನ ಕ್ಷಮಿಸಿಬಿಡು ತಂಗೀ.

ತೊಟ್ಟಿಯಕ್ಕ


ಮೇ ೬

ಅಪ್ಪಾ,

ಇದರ ಜೊತೆಗಿರುವುದು ಅವಳು ನನಗೆ ಬರೆದದ್ದು. ಓದು.

ಕ್ಷಮಿಸು ಅಂತ ಅವಳು ಕೇಳುತ್ತಿದ್ದಾಳೆ. ನನ್ನನ್ನು.


ಮೇ ೧೧

ಮಗಳೇ,

ಓದಿದೆ. ಅಂಗಡಿಯ ಬಾಗಿಲು ಎಳೆದುಕೊಂಡು ಓದಿದೆ.

ನಿಮ್ಮ ಮೇಡಂಗೆ ಒಂದು ಕಾಗದ ಬರೆದು ಇದರೊಳಗೆ ಇಟ್ಟಿದ್ದೇನೆ. ಅಂಟಿಸಿಲ್ಲ. ನೇರವಾಗಿ ಅವರಿಗೇ ಕಳಿಸಬಹುದಿತ್ತು. ಆದರೆ ಯಾವ ಪಾತ್ರ ಯಾವಾಗ ರಂಗಕ್ಕೆ ಬರಬೇಕೆಂಬುದು ಈ ನಾಟಕದಲ್ಲಿ ನಿನ್ನ ಕೈಯಲ್ಲಿದೆ. ಓದು. ನಿನ್ನ ಹೆಸರಿಗೆ ಕಲೆ ತಾಗದ ಹಾಗೆ ಬರೆದಿದ್ದೇನೆ ಎಂದುಕೊಂಡಿದ್ದೇನೆ. ವೇಷ ಹಾಕುವುದರಲ್ಲಿ ನನಗೆ ಅನುಭವವಿದೆ. ಕೊಟ್ಟುಬಿಡು. ಆ ಹೆಂಗಸಿನ ಕೆಲಸ ಅವಳಿಗೆ ಸಿಗಲಿ.

ನೀನು ಚಿಕ್ಕವಳಿದ್ದಾಗ ನಾನು ಶಾಲೆಗೆ ಬರುತ್ತೇನೆಂದರೆ ಅಳುತ್ತಿದ್ದೆ. ‘ಅಪ್ಪ ಎಲ್ಲರ ಮುಂದೆ ಜೋರಾಗಿ ಮಾತಾಡ್ತಾನೆ’ ಅಂತ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಪಿಸುಗುಟ್ಟುತ್ತಿದ್ದೆ. ಆ ಹೆಸರು ಬಂದದ್ದೇ ಹಾಗೆ. ನನಗೆ ಅದು ತಮಾಷೆಯಾಗಿ ಕಂಡಿತ್ತು. ಕಡೆಯ ಸಾಲಿನವನಿಗೂ ಕೇಳಬೇಕು ಅಂತ ಕೂಗಿ ಕೂಗಿ ಮೊದಲ ಸಾಲಿನಲ್ಲಿ ಕೂತವಳ ಕಿವಿ ನೋಯುತ್ತದೆಂದು ಯೋಚಿಸಲಿಲ್ಲ. ನಾಚಿಕೆ ನಿನ್ನೊಬ್ಬಳದೇ ಅಲ್ಲ ಅಂತ ಹೇಳಲಿಕ್ಕೆ ಇಷ್ಟು ಬರೆದೆ.

ಅಪ್ಪ

(ಒಳಗಿಟ್ಟದ್ದು)

ಮಾನ್ಯ ಮುಖ್ಯಸ್ಥರಿಗೆ,

ಫೆಬ್ರವರಿಯಲ್ಲಿ ಶಾಲೆ ಮಕ್ಕಳು ಬಂದ ದಿನ ತಮ್ಮಲ್ಲಿ ಅಸುರನಾಗಿ ಕುಣಿದ ವೇಷದ ಅಂಗಡಿಯವನು ತಲೆಬಾಗಿ ಬರೆದುಕೊಳ್ಳುವುದು. ತೊಟ್ಟಿಗಳ ಕೋಣೆಗೆ ಯಾರ ಅಪ್ಪಣೆಯೂ ಇಲ್ಲದೆ ನುಗ್ಗಿ, ಶುದ್ಧ ತೊಟ್ಟಿಯ ಮೇಲೆ ಕಿರೀಟ ಕೊಡವಿದವನು ನಾನು. ಉದುರಿದ ಹಸಿರು ಪುಡಿಯ ಮಾದರಿ ಇದರ ಜೊತೆಗಿದೆ, ಹೊಂದಿಸಿ ನೋಡಬಹುದು. ತೊಟ್ಟಿ ನೋಡಿಕೊಳ್ಳುವ ತಾಯಿಯ ತಪ್ಪು ಎಳ್ಳಷ್ಟೂ ಇಲ್ಲ. ತಮ್ಮಲ್ಲಿ ಕೆಲಸ ಮಾಡುವ, ನನ್ನನ್ನು ಕರೆಸಿದ ಆ ಹುಡುಗಿಗೂ ಇದು ತಿಳಿಯದು. ಅವರಿಗೂ ನನಗೂ ಬಾಡಿಗೆ ವೇಷದ ವ್ಯವಹಾರದ ಹೊರತು ಯಾವ ಸಂಬಂಧವೂ ಇಲ್ಲ.

ವೇಷದಂಗಡಿಯವನು


ಜೂನ್ ೨

ಅಪ್ಪಾ,

ನಿನ್ನ ಕಾಗದ ಎರಡು ವಾರಕ್ಕೂ ಹೆಚ್ಚು ನನ್ನ ಕೋಟಿನ ಜೇಬಿನಲ್ಲಿತ್ತು. ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು: ತೊಟ್ಟಿಯಕ್ಕನಿಗೆ ಕೆಲಸ, ನನಗೆ ಕಾಯಮಾತಿ. ನೀನು ಅದನ್ನು ಅಷ್ಟು ಚೆನ್ನಾಗಿ ಹೊಲಿದಿದ್ದೆ, ಒಂದು ಹೊಲಿಗೆಯೂ ಕಾಣುವುದಿಲ್ಲ. ಎಷ್ಟೋ ಸಲ ಮೇಡಂ ಕೋಣೆಯವರೆಗೆ ಹೋಗಿ ವಾಪಸ್ ಬಂದೆ. ಕೊಡದೆ ಇದ್ದದ್ದು ಒಳ್ಳೆಯತನದಿಂದಲ್ಲ. ಕೊಟ್ಟರೆ ಏನಾಗಿಬಿಡುತ್ತೇನೋ ಎಂಬ ಹೆದರಿಕೆಯಿಂದ. ಕೊಡಲು ಮನಸ್ಸಾಗುತ್ತಿದೆಯಲ್ಲ ಎಂಬ ಅಸಹ್ಯದಿಂದ.

ನಿನ್ನೆ ಸಭೆ. ಉದ್ದ ಮೇಜು, ಆರೇಳು ಜನ. ‘ಶುದ್ಧ ತೊಟ್ಟಿ ಕೆಟ್ಟದ್ದು ಸಿಬ್ಬಂದಿಯೊಬ್ಬರ ಅಜಾಗರೂಕತೆಯಿಂದ’ ಎಂಬ ಸಾಲಿಗೆ ಮೇಡಂ ಬಂದಾಗ ನಾನು ಎದ್ದು ನಿಂತೆ. ಚಕ್ಕೆಗಳ ಚಿತ್ರ ಮೇಜಿನ ಮೇಲಿಟ್ಟೆ, ನಿನ್ನ ಅಂಗಿಯ ತುಂಡು ಇಟ್ಟೆ, ನಿನ್ನ ಕಾಗದ ತೆಗೆದು ಓದತೊಡಗಿದೆ. ನನ್ನ ದನಿ ನಿನಗೆ ಗೊತ್ತಲ್ಲ, “ಸ್ವಲ್ಪ ಜೋರಾಗಿ” ಅಂದರು ಯಾರೋ. ಕಡೆಯ ಸಾಲು ಬಂತು. ‘ಯಾವ ಸಂಬಂಧವೂ.’ ಕಾಗದ ಮಡಚಿದೆ.

“ಈ ಕಡೆಯ ಸಾಲು ಸುಳ್ಳು. ಇವರು ನನ್ನ ಅಪ್ಪ!”

ಅಪ್ಪಾ, ಆ ದನಿ ನನ್ನ ಬಾಯಿಂದ ಬಂತೆಂದು ನನಗೇ ನಂಬಿಕೆಯಾಗಲಿಲ್ಲ. ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತರು. ನಿನ್ನ ಕಡೆಯ ಸಾಲಿನವನಿಗೂ ಕೇಳಿಸಿರಬೇಕು.

“ಇಷ್ಟು ಜೋರಾಗಿ ಮಾತಾಡೋಕೆ ಬರುತ್ತಾ ನಿಮಗೆ?” ಅಂದರು ಮೇಡಂ.

“ಮನೆತನದ್ದು ಮೇಡಂ.”

ಯಾರೂ ನಗಲಿಲ್ಲ. ಆಮೇಲೆ ಎಲ್ಲ ಹೇಳಿದೆ. ಫೆಬ್ರವರಿಯಿಂದಲೇ ಗೊತ್ತಿತ್ತು ಎಂಬುದನ್ನೂ, ಚಕ್ಕೆ ಸಿಕ್ಕ ಮೇಲೂ ಮುಚ್ಚಿಟ್ಟದ್ದನ್ನೂ. ತೊಟ್ಟಿ ಎಷ್ಟು ಕೆಟ್ಟಿದೆ, ಫಲಿತಾಂಶ ಎಷ್ಟು ಉಳಿಯುತ್ತದೆ ಅಂತ ಕೇಳುತ್ತಾರೆಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಮೇಡಂ ಕನ್ನಡಕ ತೆಗೆದು, ತುಂಬ ಮೆತ್ತಗೆ ಕೇಳಿದ್ದು ಒಂದೇ:

“ಹಾಗಾದ್ರೆ ಅವತ್ತು ಅವರನ್ನ ಊಟಕ್ಕೆ ಯಾಕೆ ಕರೀಲಿಲ್ಲ?”

ಕುಳಿತುಕೊಂಡೆ.

ಕಾಯಮಾತಿ ಇಲ್ಲ. ಒಂದು ವರ್ಷ ನೋಡೋಣ ಅಂದಿದ್ದಾರೆ, ಅದೂ ಹೆಚ್ಚೇ. ಪ್ರಯೋಗ ಮೊದಲಿಂದ. ಹಳೆಯ ಚಿಪ್ಪುಗಳನ್ನು ಕಳೆದ ತಿಂಗಳೇ ಹೊಸ ನೀರಿನಲ್ಲಿ ಇಟ್ಟಿದ್ದೆವು. ಕೆಲವು ಕೋಶಗಳು ಮತ್ತೆ ಕೆಂಪು ಯೀಸ್ಟ್ ನುಂಗುತ್ತಿವೆ, ಕೆಲವು ಇನ್ನು ನುಂಗಲಾರವು. ಮೂಲೆಯ ಸೋಮಾರಿ ಬದುಕಿದೆ.

ಸಭೆ ಮುಗಿದ ಕೂಡಲೇ ತೊಟ್ಟಿಯಕ್ಕನ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ಪೂರ್ತಿ ಕೇಳಿಸಿಕೊಂಡಳು. “ನಾನು ಸ್ವೆಟರ್ ಸುಟ್ಟೆನಲ್ಲೇ” ಅಂದಳು. ಆಮೇಲೆ, “ಅತ್ತದ್ದು ಅದಕ್ಕಾ?” ಅಂದಳು. ಹೌದು ಅಂದೆ. ಮೇಡಂ ಹೇಳಿಕಳಿಸಿದರು, ಇವತ್ತು ಬೆಳಿಗ್ಗೆ ಕೆಲಸಕ್ಕೆ ಬಂದಿದ್ದಾಳೆ. ಚಿಪ್ಪುಗಳ ಜೊತೆ ಮಾತಾಡುತ್ತಾಳೆ, ನನ್ನ ಜೊತೆಯಲ್ಲ. ನಾನು ಒಳಗೆ ಹೋದಾಗ ಸುಮ್ಮನೆ ಬಂದು ನನ್ನ ಕಾಲರ್ ಹಿಡಿದು ನೋಡಿದಳು. ಸ್ವಲ್ಪ ಹೆಚ್ಚು ಹೊತ್ತೇ ಹಿಡಿದಿದ್ದಳು.

ಇನ್ನು ನಿನಗೆ ಹೇಳಬೇಕಾದದ್ದು. ಮೀಸೆಯ ಅಂಟು ಬಲವಾಗಿತ್ತು ಅಂತ ನೀನು ಬರೆದಿದ್ದೆ. ಪರದೆಯ ಕೆಳಗೆ ನಿನ್ನ ಪಾದಗಳು ಕಾಣುತ್ತಿದ್ದವು ಅಪ್ಪಾ. ನೀನು ಅಲ್ಲೇ ನಿಂತಿದ್ದೀಯ, ಕೇಳಿಸಿಕೊಳ್ಳುತ್ತೀಯ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ‘ವೇಷ ಬಾಡಿಗೆಗೆ ಕೊಡೋರು’ ಅಂದೆ. ನೀನು ಆ ತೊಟ್ಟಿಯ ಹತ್ತಿರ ಯಾಕೆ ಹೋದೆ ಅನ್ನುವುದೂ ನನಗೆ ಗೊತ್ತು. ಆ ಇಡೀ ಕಟ್ಟಡದಲ್ಲಿ ನಿನ್ನ ಪರಿಚಯ ಸರಿಯಾಗಿ ಕೇಳಿಸಿಕೊಂಡದ್ದು ಅವು ಮಾತ್ರ.

ಇದರ ಜೊತೆಗೆ ಒಂದು ಪೊಟ್ಟಣವಿದೆ. ಹತ್ತಿಯ ಬಿಳಿ ಕೋಟು, ನಿನ್ನ ಅಳತೆಯದು, ತೋಳು ಸ್ವಲ್ಪ ಉದ್ದವಾಗಬಹುದು. ಹೊಸ ಚಿಪ್ಪುಗಳು ಮುಂದಿನ ತಿಂಗಳು ಬರುತ್ತವೆ. ನೀನೂ ಬಾ. ಊಟ ಇಲ್ಲೇ, ಎಲ್ಲರ ಜೊತೆ. ಬರಲು ಮನಸ್ಸಿಲ್ಲದಿದ್ದರೆ ನಾನು ಕೇಳುವ ಹಾಗಿಲ್ಲ, ಅದೂ ಗೊತ್ತು.

ಬಂದರೆ, ಬಾಗಿಲಲ್ಲಿ ‘ಯಾರಿವರು’ ಅಂತ ಖಂಡಿತ ಕೇಳುತ್ತಾರೆ. ನೀನು ಬಗ್ಗಬೇಡ, ಬಾಯಿ ತೆರೆಯಬೇಡ. ಆ ಮಾತು ನನ್ನದು.

ನಿನ್ನ ಮಗಳು